ಸವೆದ ಬಟ್ಟು

ಸುಳ್ಳು ಹೇಳಿದವನು ನಾನೇ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಪಿಳ್ಳಮ್ಮನ ಲೆಕ್ಕವನ್ನು ನನ್ನ ಪ್ರಬಂಧದಿಂದ ಹೊಡೆದುಹಾಕಿಸಿದವನು ನಾನು. ತಪ್ಪಿದ್ದದ್ದು ನನ್ನ ತೂಕದಲ್ಲಿ. ಅದು ಗೊತ್ತಿದ್ದೂ ಆಕೆಯ ತೂಕ ತಪ್ಪೆಂದು ತೋರಿಸಿದೆ. ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಹೆಂಡತಿಗೂ.

ಆಗ ನಾನು ಬೆಂಗಳೂರಿನಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಬೆಂಗಳೂರಿಗೆ ಹತ್ತಿರದ ಮಧುರೆ ಹೋಬಳಿ ಕಡೆಯ ಬೇಸಾಯದ ಮನೆಯವನು. ಆದರೆ ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ್ದೇ ತಡ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನನ್ನ ವಿಷಯ ಉತ್ಪಾದನಾ ದಕ್ಷತೆ. ಹೆಸರು ದೊಡ್ಡದು, ಸಂಗತಿ ಸರಳ. ಇಷ್ಟು ರೇಷ್ಮೆಗೂಡು, ಇಷ್ಟು ಸೌದೆ, ಇಷ್ಟು ಜನರ ದುಡಿಮೆಯಿಂದ ಯಾರು ಅತಿ ಹೆಚ್ಚು ನೂಲು ತೆಗೆಯುತ್ತಾರೋ ಅವರೇ ಅಳತೆಗೋಲು. ಉಳಿದವರು ಅವರಿಗಿಂತ ಎಷ್ಟು ಹಿಂದೆ ಬಿದ್ದಿದ್ದಾರೆ ಎಂದು ನೋಡಬೇಕು. ದೊಡ್ಡ ಕಾರ್ಖಾನೆಗಳೇ ಮುಂದಿರುತ್ತವೆ ಎಂದು ನಾನು ನೋಡುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಎರಡು ತಿಂಗಳು ಸೈಕಲ್ಲಿಗೆ ತಕ್ಕಡಿ ಕಟ್ಟಿಕೊಂಡು ತಿರುಗಿದೆ. ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದೆ ಬಂದವರಿಗೆ ರೇಷ್ಮೆ ಇಲಾಖೆಯಿಂದ ಒಂದು ಹೊಸ ಯಂತ್ರ ಸಿಗುವುದಿತ್ತು. ಅದರಲ್ಲಿ ಗೂಡನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ನೂಲು ತೆಗೆಯಬಹುದು. ಹಳೆಯ ಚರಕದಲ್ಲಾದರೆ ಕುದಿಯುವ ನೀರಿಗೇ ಬೆರಳು ಹಾಕಬೇಕು, ದಿನವೆಲ್ಲ.

ಪಿಳ್ಳಮ್ಮನದು ನನ್ನ ಪಟ್ಟಿಯ ಕೊನೆಯ ಮನೆ. ಒಂದೇ ಚರಕ. ಗಂಡ ಆಂಜಿನಪ್ಪ ಚಕ್ರ ತಿರುಗಿಸುತ್ತಿದ್ದ, ಆಕೆ ಬಾಣಲೆಯ ಮುಂದೆ ಕೂತಿದ್ದಳು. ಗಂಟೆಯೊಳಗೆ ಮುಗಿಸಿ ಹೊರಡೋಣ ಎಂದುಕೊಂಡು ಹೋದವನು — ನಿಂತೇಬಿಟ್ಟೆ. ಆಕೆ ನೀರನ್ನು ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡಿಕೊಂಡು ನಮ್ಮೂರು, ನಮ್ಮ ಮನೆಯವರು ಎಲ್ಲ ವಿಚಾರಿಸುತ್ತಿದ್ದಳು. ಬೆರಳುಗಳು ಮಾತ್ರ ಹಬೆಯೊಳಗೆ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ಯಾವ ಗೂಡಿನ ಎಳೆ ಇನ್ನೇನು ಮುಗಿಯುತ್ತದೆ ಎಂಬುದು ಅವಕ್ಕೆ ಮೊದಲೇ ಗೊತ್ತು. ಅದು ಮುಗಿಯುವಷ್ಟರಲ್ಲಿ ಹೊಸ ಎಳೆ ಸೇರಿಯಾಗಿರುತ್ತಿತ್ತು. ಆ ನಾತದ ಕಂದು ನೀರಿನಿಂದ ಕಣ್ಣಿಗೂ ಸರಿಯಾಗಿ ಕಾಣದ ಎಳೆಗಳು ಎದ್ದು ಬಂದು, ಒಂದಾಗಿ, ಹೊಳೆಯುತ್ತಾ ಚಕ್ರಕ್ಕೆ ಸುತ್ತಿಕೊಳ್ಳುತ್ತಿದ್ದವು. ಬಾಣಲೆಯಲ್ಲಿ ಕೊನೆಗೆ ಹುಳು ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. ದೇವಸ್ಥಾನದಲ್ಲೂ ನಾನು ಹಾಗೆ ಮೈಮರೆತು ನಿಂತವನಲ್ಲ.

ತೂಗಿದೆ. ಆಕೆಯ ಲೆಕ್ಕ ಊರಾಚೆಯ ದೊಡ್ಡ ಕಾರ್ಖಾನೆಯನ್ನೂ ದಾಟಿ ಹೋಗಿತ್ತು. ಎಲ್ಲೋ ಗೂಡು ಬಚ್ಚಿಟ್ಟುಕೊಂಡು ಸೇರಿಸಿದ್ದಾಳೆ ಎಂದುಕೊಂಡೆ — ಹೌದು, ನನಗೆ ಮೊದಲು ಹೊಳೆದದ್ದು ಅದೇ. ಅಷ್ಟರಲ್ಲಿ ಆಕೆ ನೂಲು ತೂಗುವ ಚಿಕ್ಕ ತಕ್ಕಡಿಯಿಂದ ನನ್ನ ತೂಕದ ಬಟ್ಟನ್ನು ಎತ್ತಿಕೊಂಡು ಅಂಗೈಯಲ್ಲಿ ಆಡಿಸಿ ನೋಡಿದಳು.

"ಸಾಮಿ, ಈ ಬಟ್ಟು ಸವ್ದೈತೆ. ನನ್ ನೂಲು ಇಷ್ಟು ತೂಗಾಕಿಲ್ಲ. ಬೇರೆ ತಗಂಡ್ ಬನ್ನಿ."

ಬೆಂದು ಸುಲಿದು ಬೆಳ್ಳಗಾಗಿದ್ದ ಬೆರಳು. ಅದರಿಂದ ಹೇಗೆ ತಿಳಿಯಿತೋ! ಅಂಗಡಿಗೆ ಓಡಿ ಮುದ್ರೆಯೊತ್ತಿದ ಬಟ್ಟಿನೊಂದಿಗೆ ಹೋಲಿಸಿ ನೋಡಿದೆ. ಆಕೆ ಹೇಳಿದ್ದೇ ನಿಜ. ನಮ್ಮ ತಾತನ ಕಾಲದ ಬಟ್ಟದು, ಮನೆಯಿಂದ ತಂದದ್ದು. ಸವೆದ ಬಟ್ಟು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಸುಮ್ಮನಿದ್ದರೆ ಆಕೆಗೇ ಲಾಭವಿತ್ತು. ಆದರೂ ಹೇಳಿದಳು.

ಹೊಸ ಬಟ್ಟು ತಂದು ಮೂರು ದಿನ ಅಲ್ಲೇ ಕೂತು ತೂಗಿದೆ. ಲೆಕ್ಕ ಸ್ವಲ್ಪ ಇಳಿಯಿತು, ನಿಜ. ಆದರೂ ಪಿಳ್ಳಮ್ಮನೇ ಎಲ್ಲರಿಗಿಂತ ಮುಂದೆ. ಉಳಿದವರೆಲ್ಲರ ನೂಲನ್ನೂ ಸವೆದ ಬಟ್ಟಿನಲ್ಲಿ ತೂಗಿದ್ದೆ, ಅವರಿಗೆಲ್ಲ ಇಲ್ಲದ ಹೆಚ್ಚುಗಾರಿಕೆ ಸಿಕ್ಕಿತ್ತು — ಆದರೂ ಯಾರೂ ಆಕೆಯ ಹತ್ತಿರ ಸುಳಿಯಲಿಲ್ಲ. ನಾನು ಪುಸ್ತಕದಲ್ಲಿ ಗೆರೆ ಎಳೆದು ಕಲಿತ ಅಳತೆಗೋಲು ಜೀವಂತವಾಗಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ನನಗೆ ಮಜ್ಜಿಗೆ ತಂದುಕೊಡುತ್ತಿತ್ತು.

ಆದರೆ ಆಕೆಯ ತೂಕ ಸರಿ ಎಂದರೆ ಉಳಿದ ಎಲ್ಲ ಮನೆಗಳ ತೂಕ ತಪ್ಪು ಎಂದು ಒಪ್ಪಿಕೊಳ್ಳಬೇಕು. ಎರಡು ತಿಂಗಳ ಕೆಲಸ ಮತ್ತೆ ಮೊದಲಿನಿಂದ. ಕಾಲೇಜೊಂದರಲ್ಲಿ ಕೆಲಸ ಖಾಲಿಯಿತ್ತು, ಪ್ರಬಂಧ ಬೇಗ ಮುಗಿಯಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ, ಅದಕ್ಕೆ ಹೇಳುತ್ತಿದ್ದೇನೆ.

ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಮೇಷ್ಟರು ಪಟ್ಟಿ ನೋಡಿ ಕನ್ನಡಕ ತೆಗೆದರು. "ಒಂದು ಚರಕದ ಮನೆ ಕಾರ್ಖಾನೇನ ಹಿಂದೆ ಹಾಕಿದೆಯಲ್ಲಯ್ಯಾ! ತೂಕ ಸರಿಯಾಗಿತ್ತಾ?" ಅವರ ಮುಖದಲ್ಲಿ ಸಂತೋಷವೇ ಇತ್ತು. ನಿಜ ಹೇಳಿದ್ದರೆ ಬೈಯುತ್ತಿದ್ದರು, ಮತ್ತೆ ತೂಗು ಹೋಗು ಎನ್ನುತ್ತಿದ್ದರು, ಅಷ್ಟೇ. ನಾನು —

"ಆ ಮನೇಲಿ ಬಟ್ಟು ಸವೆದಿತ್ತು ಸಾರ್," ಅಂದೆ.

"ಹಾಗಾದ್ರೆ ಅದನ್ನ ಬಿಟ್ಟುಬಿಡು," ಎಂದರು.

ನಾನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಕೆ ಪ್ರಾಮಾಣಿಕವಾಗಿ ತೋರಿಸಿಕೊಟ್ಟದ್ದನ್ನೇ ತೆಗೆದುಕೊಂಡು ಆಕೆಯನ್ನು ಹೊಡೆದುಹಾಕಿದೆ. ಯಂತ್ರ ದೊಡ್ಡ ಕಾರ್ಖಾನೆಗೆ ಹೋಯಿತು. ನನಗೆ ಪದವಿ ಬಂತು, ಕೆಲಸವೂ ಸಿಕ್ಕಿತು.

ಹೋದ ತಿಂಗಳು ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಹಿಂದಿನಿಂದ ಯಾರೋ "ಸಾಮಿ" ಎಂದು ಕೂಗಿದರು. ಪಿಳ್ಳಮ್ಮ. ಬಲವಂತ ಮಾಡಿ ಟೀ ಕುಡಿಸಿದಳು. ಆಕೆ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಳು. ಬೆರಳು ಮಡಚಲು ಬರುವುದಿಲ್ಲವಂತೆ, ತುದಿಗಳಲ್ಲಿ ಸ್ಪರ್ಶವೇ ಇಲ್ಲವಂತೆ. ಈಗ ಬಾಣಲೆಯ ಮುಂದೆ ಸೊಸೆ ಕೂರುತ್ತಾಳೆ.

"ಆ ಮಿಸೀನು ಬರ್ಲೇ ಇಲ್ಲ ನೋಡಿ," ಎಂದು ನಕ್ಕಳು. "ನನ್ ಕೆಲ್ಸದಾಗೇ ಏನೋ ಕಮ್ಮಿ ಇದ್ದಿರ್ಬೇಕು. ಅದ್ಕೇ ಸೊಸೆಗೆ ಇನ್ನೂ ಒಸಿ ಚೆಂದಾಗಿ ಕಲಿಸಿವ್ನಿ."

ನಾನು ಟೀ ಕುಡಿದೆ. ಒಳ್ಳೆಯದಮ್ಮ, ಅಂದೆ. ಬಸ್ಸು ಹತ್ತಿದೆ.

ಆ ಬಟ್ಟು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಈ ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ವಿಜಯಪುರಕ್ಕೆ ಹೋಗುತ್ತೇನೆ. ಆಕೆಯ ಸೊಸೆಯ ಎದುರಿಗೇ ಅದನ್ನು ಆಕೆಯ ಅಂಗೈಯಲ್ಲಿಡುತ್ತೇನೆ. ಅಂದು ಮುಟ್ಟಿದೊಡನೆ ತಿಳಿದ ಆ ಕೈಗೆ ಇಂದು ಇದು ಸವೆದ ಬಟ್ಟೆಂದು ತಿಳಿಯುತ್ತದೋ ಇಲ್ಲವೋ — ತಿಳಿದರೂ ತಿಳಿಯದಿದ್ದರೂ, ಕಮ್ಮಿ ಇದ್ದದ್ದು ನಿಮ್ಮ ಕೆಲಸದಲ್ಲಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಬೇಕು.