ನಾಯಕಿಯರ ಜಡೆ ಹೆಣೆಯುತ್ತಿದ್ದಾಕೆ

ಮೆಹದಿಪಟ್ಟಣಂನಲ್ಲಿ ನಮ್ಮ ಪಕ್ಕದ ಮನೆಯಾಕೆ ಸಿನಿಮಾ ಸ್ಟುಡಿಯೋದಲ್ಲಿ ನಾಯಕಿಯರ ಜಡೆ ಹೆಣೆಯುತ್ತಿದ್ದಳು. ಯಾರು ಅವರ ಗುಟ್ಟು ಕೇಳಿದರೂ ಬಾಯಲ್ಲಿ ಕಚ್ಚಿದ್ದ ಪಿನ್ನು ತೆಗೆದು, “ಕೂದಲ ಅಷ್ಟ ನನ್ನ ಕೈಯಾಗ ಬರ್ತಾವರಿ, ತಲಿಯಾಗಿಂದು ನನಗ್ಯಾಕ?” ಎನ್ನುತ್ತಿದ್ದಳು.

ನಾನು ತೆಲುಗು ಸಿನಿಮಾ ವಾರಪತ್ರಿಕೆಯೊಂದರಲ್ಲಿದ್ದೆ. ಒಂದು ವಾರ ಪುಟ ತುಂಬದಿದ್ದಾಗ ನಾಯಕಿಯೊಬ್ಬಳ ಕಣ್ಣೀರಿನ ಕಥೆ ಕಟ್ಟಿ, ಪಕ್ಕದ ಮನೆಯಾಕೆಯೇ ಹೇಳಿದ್ದೆಂದು ಹೆಸರು ಹಾಕಿ ಅಚ್ಚು ಮಾಡಿಸಿದೆ. ಸ್ಟುಡಿಯೋದವರು ಆಕೆಯನ್ನು ಕೆಲಸದಿಂದ ತೆಗೆದರು.

ತೆಲುಗು ಓದಲು ಬಾರದ ಆಕೆ ಪತ್ರಿಕೆ ತಂದು ನನ್ನಿಂದಲೇ ಓದಿಸಿದಳು. “ಛಲೋ ಬರದೀರಿ, ಅಣ್ಣಾರ. ನಾ ಇಷ್ಟ ಮಾತಾಡ್ತೀನಂತ ನನಗ ಗೊತ್ತಿರಲಿಲ್ಲ,” ಎಂದಳು. ಸ್ಟುಡಿಯೋಗೆ ಹೋಗಿ ಸುಳ್ಳು ನನ್ನದೆಂದು ನಾನು ಹೇಳಲಿಲ್ಲ. ತಿಂಗಳೊಳಗೆ ಆಕೆ ಮನೆ ಖಾಲಿ ಮಾಡಿದಳು.

ಈಗ ಟೀವಿಯಲ್ಲಿ ತಾರೆಯರ ಒಳಗುಟ್ಟು ಬಂದರೆ ನಾನು ನಂಬುವುದಿಲ್ಲ. ಆಕೆ ಒಮ್ಮೆ ಸಿಕ್ಕಿ ಬೈದರೆ ಸಾಕು. ಒಂದಕ್ಷರವನ್ನೂ ಬದಲಿಸದೆ ಬರೆದುಕೊಳ್ಳುತ್ತೇನೆ.