ಜೂನ್ ಒಂದರಂದು ಹುಟ್ಟಿದವರು

ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದರಂದು ಹುಟ್ಟಿದವರು. ದೇವರ ಪವಾಡವೇನಲ್ಲ, ನನ್ನದು. ಸಾಂಬ್ರಾಣಿ ಕಡೆಯ ಒಂದು ಹಳ್ಳಿಯಲ್ಲಿ ವರ್ಷಾನುಗಟ್ಟಲೆ ಒಂದನೇ ತರಗತಿಗೆ ಮಕ್ಕಳ ಹೆಸರು ಹಚ್ಚಿಕೊಂಡ ಶಿಕ್ಷಕಿ ನಾನು, ಊರವರ ಬಾಯಲ್ಲಿ ಅಕ್ಕಾರು. ಮಗು ಹುಟ್ಟಿದ ತಾರೀಖು ಗೊತ್ತಿಲ್ಲ ಎಂದು ತಾಯಿ ಮುಖ ಸಣ್ಣ ಮಾಡಿದರೆ, ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನೇ ಬರೆದುಬಿಡುವುದು ನಮ್ಮ ರೂಢಿ. ನನಗೆ ಕಲಿಸಿದವರೂ ಹಾಗೇ ಬರೆದಿದ್ದರು. ಕಾಗದದ ಮೇಲೆ ನಾನೂ ಜೂನ್ ಒಂದರವಳೇ. ಪ್ರತಿವರ್ಷ ಆ ದಿನ ಒಂದು ಪೊಟ್ಟಣ ಪೆಪ್ಪರಮಿಂಟು ಹಂಚಿ ಎಲ್ಲರ ಹುಟ್ಟುಹಬ್ಬವನ್ನು ಒಂದೇ ಸಲಕ್ಕೆ ಮುಗಿಸುತ್ತಿದ್ದೆ.

ಆ ಮಕ್ಕಳಲ್ಲಿ ಒಬ್ಬ ಹುಡುಗಿಯನ್ನು ಅವಳ ಅವ್ವ ಕರೆತಂದದ್ದು ನೆನಪಿದೆ. ಕಾಡಂಚಿನ ಸಿದ್ದಿಗಳ ಕೇರಿಯವರು, ಕೂಲಿಯ ಬದುಕು. ತಾರೀಖು ಕೇಳಿದೆ.

"ಹೊಳಿ ತುಂಬಿ ಬಂದಿತ್ತಲ್ರಿ, ಆ ವರ್ಷ ಭತ್ತ ಕೊಯ್ಯೂಮುಂದ ಹುಟ್ಟೇತ್ರಿ ಅಕ್ಕಾರ," ಎಂದಳು.

ಬೆರಳು ಮಡಚಿ ಎಣಿಸಿದೆ. ಭತ್ತದ ಕೊಯ್ಲು ಅಂದರೆ ನವೆಂಬರ್. ಆರು ತುಂಬಲು ಇನ್ನೂ ಐದು ತಿಂಗಳು ಬೇಕು, ನಿಯಮದ ಪ್ರಕಾರ ಮುಂದಿನ ವರ್ಷ ಬರಬೇಕು. ಆದರೆ ಆ ಸಲ ಮಕ್ಕಳ ಸಂಖ್ಯೆ ಕಡಿಮೆ ಬಿದ್ದಿತ್ತು. ಇನ್ನೊಂದು ತಲೆ ಕೂಡದಿದ್ದರೆ ನನ್ನನ್ನು ಜೋಯಿಡಾದ ಯಾವುದೋ ಮೂಲೆಗೆ ಎತ್ತಿಹಾಕುತ್ತಿದ್ದರು. ಜೂನ್ ಒಂದು ಎಂದು ದುಂಡಗೆ ಬರೆದೆ. ಮಗುವಿಗೆ ಉಪಕಾರ ಮಾಡಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಮಾಡಿದ್ದು ನನಗೇ.

ಹುಡುಗಿ ಓದಿನಲ್ಲಿ ಸಾಧಾರಣ, ಓಟದಲ್ಲಿ ಗಾಳಿ. ಹಳಿಯಾಳದ ಕಾಲೇಜಿಗೆ ಬಂದ ಮೇಲೆ ದಾಂಡೇಲಿಯ ತರಬೇತುದಾರರೊಬ್ಬರು ಅವಳ ಕೈಗೆ ವಿಚಿತ್ರವಾದ ಕೋಲೊಂದನ್ನು ಕೊಟ್ಟರು. ತುದಿಗೆ ಬಲೆಯ ಚೀಲ. ಚೆಂಡನ್ನು ಅದರಲ್ಲೇ ಹಿಡಿಯಬೇಕು, ಅದರಿಂದಲೇ ಎಸೆಯಬೇಕು. ಲಕ್ರಾಸ್ ಅಂತೆ. ಮೌಳಂಗಿ ಹೊಳೆಯಲ್ಲಿ ಮೀನು ಗೋರುವ ಬಲೆಯಂತಿದೆ ಎಂದು ನಾನು ನಕ್ಕಿದ್ದೆ. ಅವಳು ನಗಲಿಲ್ಲ. ರಜೆಗೆ ಬಂದಾಗಲೆಲ್ಲ ನಮ್ಮ ಶಾಲೆಯ ಹಿಂದಿನ ಗೋಡೆಗೆ ಚೆಂಡು ಬಡಿದು ಬಡಿದು ಸುಣ್ಣ ಉದುರಿಸಿದಳು.

ನಾನು ನಿವೃತ್ತಳಾಗಿ, ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಕೊಂಡು ಹಳಿಯಾಳದ ಮನೆಯಲ್ಲಿ ಕೂತಿದ್ದಾಗ ಅವಳು ಅಂಕಪಟ್ಟಿ ಹಿಡಿದು ಬಂದಳು. ಇಪ್ಪತ್ತರೊಳಗಿನ ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಕೂಟಕ್ಕೆ ದೇಶದ ತಂಡ ಕಟ್ಟುತ್ತಿದ್ದರು. ಅವಳ ಹೆಸರು ಪಟ್ಟಿಯಲ್ಲಿತ್ತು. ಆದರೆ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಇಪ್ಪತ್ತು ತುಂಬಿರಬಾರದೆಂಬ ಗಡಿಯಿತ್ತು. ನವೆಂಬರಿನವಳಾದರೆ ಒಳಗೆ, ಜೂನಿನವಳಾದರೆ ಹೊರಗೆ.

"ತಿದ್ದಲಿಕ್ಕೆ ಬರ್ತೈತೇನ್ರಿ ಅಕ್ಕಾರ?" ಎಂದಳು. ತಪ್ಪು ನಿಮ್ಮದು ಎನ್ನಲಿಲ್ಲ. ಅಂದಿದ್ದರೆ ನಾಲ್ಕು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ.

ಅಲ್ಲಿಂದ ಶುರುವಾಯಿತು ಕಚೇರಿಗಳ ಸುತ್ತಾಟ. ಸುಳ್ಳು ತಾರೀಖು ಬರೆದದ್ದು ನಾನೇ ಎಂದು ಸಹಿ ಹಾಕಿ ಕೊಟ್ಟೆ. ಶಿಕ್ಷಣ ಕಚೇರಿಯ ಗುಮಾಸ್ತ ನನ್ನ ಹಳೆಯ ಪರಿಚಯದವನು. ಕಾಗದ ಓದಿ ತಿರುಗಿ ನನ್ನತ್ತಲೇ ಸರಿಸಿದ. "ಈ ಉಸಾಬರಿ ನಿಮಗ್ಯಾಕ್ರಿ ಅಕ್ಕಾರ? ಅಂಕಪಟ್ಯಾಗ ಅಚ್ಚಾದ ಮ್ಯಾಲ ಕೋರ್ಟಿಗೇ ಹೋಗಬೇಕ್ರಿ. ವರ್ಷಗಟ್ಟಲೆ ಹಿಡಿತೈತಿ," ಎಂದ. ನಮ್ಮ ಕೈಯಲ್ಲಿದ್ದದ್ದು ಎರಡು ತಿಂಗಳು.

ಕಾಯುವ ಬೆಂಚಿನ ಮೇಲೆ ಹೊತ್ತು ಹೋಗದೆ ಅವಳ ಫೋನಿನಲ್ಲಿ ಆ ಆಟದ ಚರಿತ್ರೆ ಓದುತ್ತಿದ್ದೆ. ದೇಶದೇಶಗಳ ಲಕ್ರಾಸ್ ಕೂಟ ಮೊದಲು ನಡೆದಾಗ ಬಂದದ್ದು ನಾಲ್ಕೇ ದೇಶ. ಗಂಡಸರದು ಮೊದಲು, ಹೆಂಗಸರದು ಬಹಳ ತಡವಾಗಿ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಈ ಆಟವನ್ನು ಹುಟ್ಟಿಸಿದವರು ಉತ್ತರ ಅಮೆರಿಕದ ಮೂಲನಿವಾಸಿಗಳು. ಅವರಲ್ಲಿ ಆರು ಬುಡಕಟ್ಟುಗಳ ಒಂದು ಒಕ್ಕೂಟವಿದೆ. ಅವರನ್ನು ಒಂದು ರಾಷ್ಟ್ರವೆಂದು ಕೂಟದೊಳಗೆ ಸೇರಿಸಿಕೊಳ್ಳಲು ಎರಡು ದಶಕಕ್ಕೂ ಹೆಚ್ಚು ಬೇಕಾಯಿತಂತೆ. ಮುಂದೊಮ್ಮೆ ಇಂಗ್ಲೆಂಡಿನಲ್ಲಿ ಕೂಟ ನಡೆದಾಗ, ಅವರು ತಮ್ಮದೇ ಪಾಸ್‌ಪೋರ್ಟ್ ಹಿಡಿದು ಹೊರಟರು. ಅದು ನಡೆಯುವುದಿಲ್ಲ, ಅಮೆರಿಕದ್ದೋ ಕೆನಡಾದ್ದೋ ತನ್ನಿ ಎಂದು ಇಂಗ್ಲೆಂಡಿನವರು ಹೇಳಿದರು. ಇವರು ಒಲ್ಲೆವೆಂದರು. ಆಡದೆಯೇ ಮನೆಗೆ ಹೋದರು.

"ಹಟಮಾರಿ ಮಂದಿ," ಎಂದೆ ನಾನು. "ಯಾವುದೋ ಒಂದು ಕಾಗದ ತೋರಿಸಿ ಆಡಿ ಬರಬಾರದಿತ್ತೇನು?"

ಹುಡುಗಿ ಫೋನು ಇಸಿದುಕೊಂಡು, ನಾನು ಓದಿದ ಪುಟವನ್ನೇ ಮತ್ತೆ ಮೊದಲಿನಿಂದ ಓದಿದಳು.

ಕೊನೆಗೆ ಕೋರ್ಟಿನೆದುರು ಅರ್ಜಿ ಬರೆಯುವವನೊಬ್ಬ ದಾರಿ ತೋರಿಸಿದ. "ಮನ್ಯಾಗ ಹುಟ್ಟಿದ ಹುಡುಗಿ, ನೋಂದಣಿ ಆಗಿಲ್ಲ. ನವೆಂಬರ್ ಅಂತ ಹೊಸದಾಗಿ ಜನನ ದಾಖಲೆ ಮಾಡಸೂಣು. ಆದ್ರ ಅಂಕಪಟ್ಟಿ ಅಡ್ಡ ಬರ್ತೈತಿ ನೋಡ್ರಿ. ಸಾಲಿ ಮೆಟ್ಟಿಲನ ಹತ್ತಿಲ್ಲ ಅಂತ ಒಂದು ಪ್ರಮಾಣಪತ್ರ ಬರದ ಕೊಡ್ಲಿ. ನವೆಂಬರ್ ತಾರೀಖಿನ ಪಾಸ್‌ಪೋರ್ಟ್ ಬರ್ತೈತಿ."

ನಾನು ದಣಿದಿದ್ದೆ. ಮೊಣಕಾಲು ಉರಿಯುತ್ತಿತ್ತು, ತಪ್ಪಿನ ಭಾರ ಇಳಿದರೆ ಸಾಕಾಗಿತ್ತು. "ಸಹಿ ಮಾಡವ್ವಾ," ಎಂದೆ. ಹೌದು, ಒಂದನೇ ತರಗತಿಯಿಂದ ಅವಳಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದ ನಾನೇ ಅಂದೆ.

ಅವಳು ಪೆನ್ನು ತೆಗೆದುಕೊಂಡಳು. ಕಾಗದ ನೋಡಿದಳು, ನನ್ನನ್ನು ನೋಡಿದಳು.

"ಸಹಿ ಮಾಡೂದನ್ನ ಸಾಲ್ಯಾಗ ಕಲ್ತೇನ್ರಿ ಅಕ್ಕಾರ. ಸಾಲಿಗೆ ಹೋಗಿಲ್ಲ ಅಂತ ಹೆಂಗ ಸಹಿ ಮಾಡ್ಲಿ?"

ಅರ್ಜಿ ಬರೆಯುವವನು ಹೆಬ್ಬೆಟ್ಟಾದರೂ ನಡೆಯುತ್ತದೆ ಎಂದು ಮಸಿಯ ಡಬ್ಬಿ ಮುಂದಿಟ್ಟ. ಅವಳು ಪೆನ್ನನ್ನು ಅದರ ಪಕ್ಕದಲ್ಲಿಟ್ಟು ಎದ್ದಳು. "ನಡೀರಿ ಅಕ್ಕಾರ, ಮನೀಗೆ ಹೋಗೂಣು," ಎಂದಳು. ಹಟಮಾರಿಗಳ ಸಾಲಿಗೆ ಇವಳೂ ಸೇರಿದಳು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡದ್ದೂ ಅವಳೇ. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

ತಂಡ ಅವಳಿಲ್ಲದೆ ಹೋಯಿತು. ಬಂತು. ಏನಾಯಿತೆಂದು ನಾನು ಕೇಳಲಿಲ್ಲ.

ಈ ವರ್ಷ ಜೂನ್ ಒಂದರಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅವಳು. ಹೆಗಲಿಗೆ ಆ ಬಲೆಯ ಕೋಲು, ಬೆನ್ನಿಗೆ ಚೀಲ. ದೊಡ್ಡವರ ತಂಡದ ಆಯ್ಕೆಗೆ ಹೊರಟಿದ್ದಳು. ಅಲ್ಲಿ ವಯಸ್ಸು ಕೇಳುವುದಿಲ್ಲವಂತೆ. ಅಂಗೈಯಲ್ಲಿ ಎರಡು ಪೆಪ್ಪರಮಿಂಟು.

"ಹುಟ್ಟಿದ ಹಬ್ಬ ಅಲ್ಲೇನ್ರಿ ಇವತ್ತು? ನಂದೂ, ನಿಮ್ಮದೂ."

"ನಿಂದು ನವೆಂಬರ್‌ನಾಗ ಅಲ್ಲೇನವ್ವಾ?" ಎಂದೆ.

"ಅವತ್ತು ಅವ್ವನ ಹೊಟ್ಟಿಯಿಂದ ಹುಟ್ಟೀನ್ರಿ. ಇವತ್ತು ಸಾಲ್ಯಾಗ."

ಒಂದನ್ನು ನನ್ನ ಕೈಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಪೆಪ್ಪರಮಿಂಟು ಬಾಯಲ್ಲಿಟ್ಟುಕೊಂಡು ಅವಳು ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದೆ. ಅದು ಕರಗಲು ಬಹಳ ಹೊತ್ತು ಹಿಡಿಯಿತು.