ಬೆಟಗೇರಿಯಲ್ಲಿ ನಾನು ಹೇಳಿದ ಸುಳ್ಳು

ಬೆಟಗೇರಿಗೆ ಬಂದಿಳಿದ ದಿನ ನಾನು ಮಾಡಿದ ಮೊದಲ ಕೆಲಸ ಅರವತ್ತು ದಾಟಿದ ಹೆಂಗಸೊಬ್ಬರ ಕೈಗೆ ಹೊಡೆದದ್ದು. ಲಾರಿಯಿಂದ ಸಾಮಾನು ಇನ್ನೂ ಇಳಿದಿರಲಿಲ್ಲ. ಮನೆಯೊಡತಿ ಅಂಬವ್ವ ಹೊಸ್ತಿಲಲ್ಲಿ ನಗುತ್ತ ನಿಂತಿದ್ದರು. ಹೊಸ ಮನೆಗೆ ಬಂದ ಕೂಸಿನ ಬಾಯಿ ಸಿಹಿ ಮಾಡಬೇಕೆಂದು ನನ್ನ ನಾಲ್ಕು ವರ್ಷದ ಮಗಳು ಇಂಚರಳ ಗದ್ದ ಹಿಡಿದು ಸಕ್ಕರೆ ಹಾಕಲು ಬಂದರು. ನನ್ನ ಕೈ ತಾನಾಗಿಯೇ ಹೋಯಿತು. ಸಕ್ಕರೆ ಮೆಟ್ಟಿಲ ತುಂಬ ಚೆಲ್ಲಿತು. ಎದುರು ಮನೆಯ ಮಗ್ಗದ ಸದ್ದು ನಿಂತಿತು. ಆ ಓಣಿಯಲ್ಲಿ ನಡುಹಗಲು ಮಗ್ಗ ನಿಂತಿತೆಂದರೆ ಎಲ್ಲರೂ ಹೊರಗೆ ನೋಡುತ್ತಿದ್ದಾರೆ ಎಂದರ್ಥ ಎಂಬುದು ನನಗೆ ಆಮೇಲೆ ತಿಳಿಯಿತು.

ಮಂಡ್ಯದ ಕಡೆಯ ನಿಮಗೆ ನನ್ನ ಮನೆತನ ಗೊತ್ತು. ಅಜ್ಜನ ಕಾಲದಿಂದ ಆಲೆಮನೆ ನಡೆಸಿದವರು ನಾವು. ಬೆಲ್ಲದ ಹಬೆಯಲ್ಲೇ ಬೆಳೆದವನ ಮಗಳಿಗೆ ಬೆಲ್ಲವೇ ವಿಷವಾಯಿತು. ಎದೆಹಾಲು ಕುಡಿಯುವಷ್ಟು ದಿನ ಇಂಚರ ಬಹುಮಟ್ಟಿಗೆ ಚೆನ್ನಾಗಿದ್ದಳು. ಆರು ತಿಂಗಳಿಗೆ ರಾಗಿ ಸರಿಗೆ ಬೆಲ್ಲ ಬೆರೆಸಿ ತಿನ್ನಿಸಿದೆವು. ಅಂದಿನಿಂದ ವಾಂತಿ, ಮೈತುಂಬ ಬೆವರು, ಎಬ್ಬಿಸಿದರೂ ಏಳದ ಮಂಪರು. ವರ್ಷ ತುಂಬುವ ಹೊತ್ತಿಗೆ ಬೆಂಗಳೂರಿನ ಡಾಕ್ಟರೊಬ್ಬರು ಕಾರಣ ಹೇಳಿದರು. ಹಣ್ಣು, ಜೇನು, ಸಕ್ಕರೆ, ಬೆಲ್ಲ ಎಲ್ಲದರಲ್ಲೂ ಫ್ರಕ್ಟೋಸ್ ಎಂಬ ಸಿಹಿ ಇರುತ್ತದೆ. ಅದನ್ನು ಅರಗಿಸುವ ಶಕ್ತಿ ಇವಳ ಲಿವರಿಗೆ ಹುಟ್ಟಿನಿಂದಲೇ ಇಲ್ಲ. ಅದು ಹೊಟ್ಟೆಗೆ ಹೋದರೆ ರಕ್ತದಲ್ಲಿರುವ ಗ್ಲೂಕೋಸ್ ಸರ್ರನೆ ಇಳಿಯುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಅನ್ನ, ಹಾಲು, ಮೊಸರು, ತುಪ್ಪ, ರೊಟ್ಟಿ ಏನೂ ಮಾಡುವುದಿಲ್ಲ. ಬರೀ ಗ್ಲೂಕೋಸ್ ಪುಡಿ ಕೊಟ್ಟರೂ ಸರಿಯೇ. ಬೇರೆ ಯಾವ ಸಿಹಿಯೂ ಕೂಡದು.

ಊರಿನಲ್ಲಿ ಮೂರು ವರ್ಷ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ನಮ್ಮವ್ವ ಎಲ್ಲವನ್ನೂ ತಲೆಯಾಡಿಸಿ ಕೇಳುತ್ತಿದ್ದಳು, ಕೊನೆಗೆ ನಮ್ಮ ಗದ್ದೆಯ ಕಬ್ಬು, ನಮ್ಮ ಕೈಯ ಬೆಲ್ಲ, ಅದೇನು ಮಾಡುತ್ತದೆ ಎನ್ನುತ್ತಿದ್ದಳು. ಮಗಳ ಮೂರನೇ ಹುಟ್ಟುಹಬ್ಬಕ್ಕೆ ಯಾರಿಗೂ ಕಾಣದಂತೆ ಒಂದು ಚೂರು ತಿನ್ನಿಸಿಯೂ ಬಿಟ್ಟಳು. ಎರಡು ದಿನ ಆಸ್ಪತ್ರೆಯಲ್ಲಿ ಕಳೆದೆವು. ಅವ್ವ ಅತ್ತಳು, ದೇವರಿಗೆ ಹರಕೆ ಕಟ್ಟಿಕೊಂಡಳು, ಆದರೆ ಬೆಲ್ಲದಿಂದಲೇ ಹೀಗಾಯಿತೆಂದು ಮಾತ್ರ ಇವತ್ತಿಗೂ ಒಪ್ಪಿಲ್ಲ. ಆದ್ದರಿಂದ ಹೆಂಡತಿ ಸುಮಾಳಿಗೆ ಮುಂಡರಗಿಯ ಕೃಷಿ ಕಚೇರಿಗೆ ವರ್ಗವಾದಾಗ ಎಲ್ಲರೂ ಅಯ್ಯೋ ಅಷ್ಟು ದೂರವೇ ಎಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ಪುಸ್ತಕಗಳ ಕರಡು ತಿದ್ದುವ ನನ್ನ ಕೆಲಸಕ್ಕೆ ಯಾವ ಊರಾದರೇನು? ಮಕ್ಕಳ ಡಾಕ್ಟರು ಹತ್ತಿರ ಇರಲಿ ಎಂದು ಗದಗ ಬೆಟಗೇರಿಯಲ್ಲೇ ಮನೆ ಹಿಡಿದೆವು. ಸುಮಾ ದಿನವೂ ಮುಂಡರಗಿ ಬಸ್ಸು ಹತ್ತುತ್ತಾಳೆ. ಹಗಲೆಲ್ಲ ಮಗಳಿಗೆ ನಾನು, ನನಗೆ ಮಗಳು.

ಮನೆ ಸಿಗುವುದು ಕಷ್ಟವಾಗಲಿಲ್ಲ, ಮನೆಯವರು ಸಿಗುವುದು ಕಷ್ಟವಾಯಿತು. ಕೈಗೆ ಹೊಡೆದವನು ಎಂಬ ಹೆಸರು ಸಂಜೆಯೊಳಗೆ ಓಣಿ ಸುತ್ತಿತ್ತು. ನಾನು ಪ್ರತಿ ಕಟ್ಟೆಯ ಮುಂದೆಯೂ ನಿಂತು ಲಿವರು, ಫ್ರಕ್ಟೋಸು ಎಂದು ಪಾಠ ಒಪ್ಪಿಸಿದೆ. ಹಣ್ಣು ತಿಂದರೆ ಯಾರಾದರೂ ಸಾಯುತ್ತಾರೇನು ಎಂದು ಅವರು ನಕ್ಕರು. ನಾಲ್ಕನೇ ದಿನ ಅಂಬವ್ವನೇ ಕೇಳಿದರು.

“ಖರೆ ಹೇಳ್ರಿ, ಕೂಸಿಗೆ ಶುಗರ್ ಐತೇನು?”

ಖರೆ ಅಂದರೆ ಇಲ್ಲಿ ನಿಜ ಎಂದು. ಸಾಕಾಗಿಹೋಗಿತ್ತು ನನಗೆ. ಹೌದು ಅಂದುಬಿಟ್ಟೆ.

ಆ ಒಂದು ಮಾತಿನಿಂದ ಆದ ಅನುಕೂಲ ಅಷ್ಟಿಷ್ಟಲ್ಲ. ಅಂಬವ್ವನ ಗಂಡ ಈರಪ್ಪನವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅದೇ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗದ ಮುಂದೆ ಕೂತು ನೇಯುವಾಗಲೂ ಅಂಗಿಯ ಕಿಸೆಯಲ್ಲಿ ಪೆಪ್ಪರಮೆಂಟು ಇರುತ್ತದೆ. ಅವರಿಗೆ ಅರ್ಥವಾದದ್ದು ಓಣಿಗೆಲ್ಲ ಅರ್ಥವಾಯಿತು. ಕಿರಾಣಿ ಅಂಗಡಿಯವನು ಚಾಕಲೇಟಿನ ಡಬ್ಬಿ ಒಳಗಿಟ್ಟ. ಗುಡಿಯ ಅಜ್ಜ ಕಲ್ಲುಸಕ್ಕರೆ ಬಿಟ್ಟು ಬರೀ ವಿಭೂತಿ ಹಚ್ಚಿ ಕಳಿಸಿದ. ನನ್ನ ರಕ್ತಸಂಬಂಧಿಗಳು ಮೂರು ವರ್ಷ ಕೇಳದ ಮಾತನ್ನು ಗುರುತು ಪರಿಚಯವಿಲ್ಲದವರು ಒಂದೇ ದಿನದಲ್ಲಿ ಕೇಳಿದರು. ಅಲ್ಲಿ ನಿಜ ನಡೆಯಲಿಲ್ಲ, ಇಲ್ಲಿ ಸುಳ್ಳು ನಡೆಯಿತು. ನಾನು ಜಾಣ ಎಂದುಕೊಂಡೆ.

ಮಗಳು ನನಗಿಂತ ಬೇಗ ಊರಿನವಳಾದಳು. ಅಂಬವ್ವನನ್ನು ಆಯಿ ಎನ್ನತೊಡಗಿದಳು, ಇಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ರಾಗಿಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದವಳು ಬಿಸಿ ಜೋಳದ ರೊಟ್ಟಿಗೆ ತುಪ್ಪ ಸವರಿಕೊಟ್ಟರೆ ಎರಡು ತಿಂದಳು. ಮುದ್ದೆಗಾಗಿ ನನಗೆ ಬೇಸರವಾಯಿತು, ರೊಟ್ಟಿಗಾಗಿ ಸಂತೋಷವೂ ಆಯಿತು. ಮಗ್ಗದ ಸದ್ದಿಗೆ ನನಗೆ ತಲೆನೋವು ಬರುತ್ತಿತ್ತು, ಅವಳು ಅದೇ ಸದ್ದಿಗೆ ಮಲಗುತ್ತಿದ್ದಳು.

ನಿಜ ಹೇಳಬೇಕೆಂದರೆ ಅವಳ ನಿದ್ದೆಯೇ ನನ್ನ ದೊಡ್ಡ ಭಯ. ಗ್ಲೂಕೋಸ್ ಇಳಿದ ಮಂಪರಿಗೂ ಆಡಿ ದಣಿದ ಮಗುವಿನ ನಿದ್ದೆಗೂ ನೋಡಲು ವ್ಯತ್ಯಾಸವಿಲ್ಲ. ಬೆವರು ಮುಟ್ಟಿ ನೋಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆ ಅದು ನಡೆಯುತ್ತಿತ್ತು. ಈ ಕಡೆಯ ಬೇಸಿಗೆಯಲ್ಲಿ ಗಟ್ಟಿಮುಟ್ಟಾದವರೇ ತೊಯ್ದು ತೊಪ್ಪೆಯಾಗುತ್ತಾರೆ. ಯಾವ ಬೆವರು ಬಿಸಿಲಿನದು, ಯಾವುದು ಕಾಯಿಲೆಯದು ಎಂದು ತಿಳಿಯದೆ ಅವಳ ಪಕ್ಕದಲ್ಲಿ ಕೂತು ಕುತ್ತಿಗೆ ಮುಟ್ಟುತ್ತಲೇ ಇರುತ್ತಿದ್ದೆ. ಅನುಮಾನ ಬಂದಾಗ ಬೆರಳು ಚುಚ್ಚಿ ಮೆಷಿನ್ನಿನಲ್ಲಿ ನೋಡುತ್ತಿದ್ದೆ. ಸುಮಾ ಬಂದ ಮೇಲೆ ಮಲಗಿದರೂ ನಿದ್ದೆ ಬರುತ್ತಿರಲಿಲ್ಲ.

ಔಷಧಿಯ ಪಾಡು ಇನ್ನೊಂದು. ಮಕ್ಕಳ ಜ್ವರದ ಸಿರಪ್ಪು, ಕೆಮ್ಮಿನ ಸಿರಪ್ಪು ಎಲ್ಲವೂ ಸಿಹಿ. ಸಕ್ಕರೆ ಇಲ್ಲದ್ದು ಎಂದು ಬರೆದಿರುವ ಬಾಟಲಿಗಳು ಇನ್ನೂ ಮೋಸ. ಅವುಗಳಲ್ಲಿ ಸಾಮಾನ್ಯವಾಗಿ ಸಾರ್ಬಿಟಾಲ್ ಎಂಬ ಬೇರೆ ಸಿಹಿ ಇರುತ್ತದೆ, ಅದು ಇವಳ ಹೊಟ್ಟೆಯೊಳಗೆ ಫ್ರಕ್ಟೋಸೇ ಆಗುತ್ತದೆ. ಒಮ್ಮೆ ಔಷಧಿ ಅಂಗಡಿಯವನು ನಿಮ್ಮ ಕೂಸಿಗೆ ಶುಗರ್ ಅಲ್ಲವೇ ಎಂದು ಅಂಥದ್ದೇ ಬಾಟಲಿಯನ್ನು ಕಾಳಜಿಯಿಂದ ಹುಡುಕಿ ಕೈಗಿಟ್ಟ. ನನ್ನ ಸುಳ್ಳು ಅಲ್ಲಿಯತನಕ ಹೋಗಿತ್ತು. ಆಗಲೇ ಎಚ್ಚರವಾಗಬೇಕಿತ್ತು. ಬಾಟಲಿ ಹಿಂದೆ ಕೊಟ್ಟು ಸುಮ್ಮನೆ ಬಂದೆ.

ಐದು ವರ್ಷ ತುಂಬಿದ ಮೇಲೆ ಹಾಕಿಸಬೇಕಾದ ಲಸಿಕೆಯ ಸರದಿ ಬಂತು. ನಮ್ಮ ಡಾಕ್ಟರು ಲಸಿಕೆಯಲ್ಲಿ ಏನೇನಿದೆ ಎಂದು ನೋಡಿ, ತೋಳಿಗೆ ಚುಚ್ಚುವ ಈ ಲಸಿಕೆಗೆ ಹೆದರಬೇಡಿ, ಆಮೇಲೆ ಬರುವ ಜ್ವರಕ್ಕೆ ಯಾರಾದರೂ ಸಿರಪ್ಪು ಕುಡಿಸದಂತೆ ನೋಡಿಕೊಳ್ಳಿ ಎಂದಿದ್ದರು. ಹಿಂದೆ ಎಳೆಗೂಸಾಗಿದ್ದಾಗ ಬಾಯಿಗೆ ಹಾಕುವ, ಸಕ್ಕರೆ ಬೆರೆಸಿದ ಲಸಿಕೆಯ ದಿನವೆಲ್ಲ ಇವಳು ವಾಂತಿ ಮಾಡಿಕೊಂಡದ್ದು ಯಾಕೆಂದು ನಮಗೆ ತಿಳಿದದ್ದು ಕಾಯಿಲೆ ಗೊತ್ತಾದ ಮೇಲೆ. ಗುರುವಾರ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋದೆವು. ಇಂಚರ ಅಳಲಿಲ್ಲ, ನರ್ಸನ್ನು ದುರುಗುಟ್ಟಿ ನೋಡಿದಳು ಅಷ್ಟೇ.

ಮಧ್ಯಾಹ್ನ ಮೈ ಬಿಸಿಯಾಯಿತು. ಡಾಕ್ಟರು ಬರೆದುಕೊಟ್ಟಂತೆ ಗುಳಿಗೆಯನ್ನು ಅರ್ಧ ಮಾಡಿ, ಪುಡಿ ಮಾಡಿ, ಮೊಸರಿನಲ್ಲಿ ಕಲಸಿ ಕೊಟ್ಟೆ. ಮಲಗಿದಳು. ಜ್ವರದಲ್ಲಿ ಊಟ ಸೇರದಿದ್ದರೆ ಗ್ಲೂಕೋಸ್ ಬೇಕಾಗುತ್ತದೆಂದು ಡಬ್ಬಿ ತೆಗೆದರೆ ತಳದಲ್ಲಿ ಒಂದು ಚಮಚವೂ ಇಲ್ಲ. ಸುಮಾ ಮುಂಡರಗಿಯಲ್ಲಿದ್ದಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಮಗಳನ್ನು ಅಂಬವ್ವನಿಗೆ ಒಪ್ಪಿಸಿ, ಹತ್ತು ನಿಮಿಷ ಅಂದು ಅಂಗಡಿಗೆ ಓಡಿದೆ. ಮೊದಲನೆಯ ಅಂಗಡಿಯಲ್ಲಿ ಇದ್ದದ್ದು ಕಿತ್ತಳೆ ರುಚಿಯದು, ಅದರಲ್ಲಿ ಸಕ್ಕರೆ. ಎರಡನೆಯದರಲ್ಲಿ ಸಾದಾ ಸಿಕ್ಕಿತು. ಇಪ್ಪತ್ತೈದು ನಿಮಿಷವಾಗಿತ್ತು.

ತಿರುಗಿ ಬಂದಾಗ ಮಗ್ಗ ನಿಂತಿತ್ತು.

ಈರಪ್ಪನವರು ಇಂಚರಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅಂಬವ್ವನ ಅಂಗೈಯಲ್ಲಿ ಸಕ್ಕರೆ. ಮಗಳ ಗದ್ದ, ತುಟಿ, ಫ್ರಾಕಿನ ಕೊರಳ ತುಂಬ ಸಕ್ಕರೆಯ ಹರಳು. ಗುಳಿಗೆಗೆ ಜ್ವರ ಬಿಟ್ಟು ಮೈ ಬೆವತಿತ್ತು, ಅಷ್ಟೇ ಆದದ್ದು. ಅವರಿಗೆ ಕಂಡದ್ದು ಬೆವರು ಮತ್ತು ಏಳದ ನಿದ್ದೆ. ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅದಕ್ಕೆ ಒಂದೇ ಮದ್ದು. ಸಕ್ಕರೆ ಕಾಯಿಲೆಯವರು ಬೆವತು ಮಂಕಾದರೆ ತಡಮಾಡದೆ ಬಾಯಿಗೆ ಸಕ್ಕರೆ ಹಾಕಬೇಕು. ಅವರು ಮಾಡಿದ್ದು ಸರಿಯಾಗಿಯೇ ಇತ್ತು, ನಾನು ಹೇಳಿದ ಕಾಯಿಲೆಗೆ.

“ಬೆವತು ನೀರಾಗಿದ್ಳು ತಮ್ಮಾ. ಬಾಯಿ ತಗೀವಲ್ಲಳು, ಹಲ್ಲು ಕಚ್ಚಿ ಹಿಡದಾಳ” ಎಂದರು ಅಂಬವ್ವ.

ನಾನೇನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ. ಕೊಲ್ಲುತ್ತೀರಾ ಅಂದದ್ದು ನೆನಪಿದೆ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದೆ. ಇಂಚರ ಎಚ್ಚರವಾಗಿ ಛೀ ಎಂದು ಉಗುಳಿದಳು. ಹುಟ್ಟಿನಿಂದ ಅವಳಿಗೆ ಸಿಹಿಯೆಂದರೆ ಆಗದು. ನಿದ್ದೆಗಣ್ಣಿನಲ್ಲೂ ಬಾಯಿ ಬಿಗಿಹಿಡಿದಿದ್ದಳು. ಆದರೂ ಎಷ್ಟು ಒಳಗೆ ಹೋಯಿತೋ ಯಾರು ಬಲ್ಲರು? ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಎಂಥ ಡ್ರಿಪ್ಪು ಹಾಕಬಹುದು, ಎಂಥದ್ದು ಕೂಡದು ಎಂದು ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ಯಾವಾಗಲೂ ನನ್ನ ಕಿಸೆಯಲ್ಲೇ ಇರುತ್ತದೆ. ಅಲ್ಲಿಯ ಡಾಕ್ಟರು ಅದನ್ನು ಎರಡು ಸಲ ಓದಿದರು. ಅರ್ಧ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡೋಣ ಎಂದರು.

ಒಂದೊಂದು ಅರ್ಧ ಗಂಟೆಯೂ ಒಂದೊಂದು ದಿನದಷ್ಟಿತ್ತು. ಅಂಬವ್ವ ಹಿಂದೆಯೇ ಇನ್ನೊಂದು ಆಟೋದಲ್ಲಿ ಬಂದು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಸಂಜೆಗೆ ಡಾಕ್ಟರು ಹೊಟ್ಟೆಗೆ ಏನೂ ಹೋಗಿಲ್ಲ, ಬಚಾವಾದಳು ಎಂದರು. ಆಗ ನನಗೆ ಅಳು ಬಂತು. ಅಳುತ್ತಲೇ ಅಂಬವ್ವನಿಗೆ ಎಲ್ಲವನ್ನೂ ಹೇಳಿದೆ. ಅದು ಶುಗರ್ ಅಲ್ಲ, ಸಕ್ಕರೆಯೇ ಅವಳಿಗೆ ವಿಷ, ಬೇಗ ಒಪ್ಪುತ್ತೀರೆಂದು ಸುಳ್ಳು ಹೇಳಿದೆ ಎಂದೆ.

ಅಂಬವ್ವ ನೆಲದಿಂದ ಎದ್ದು ನಿಂತರು.

“ನೀವು ಹೇಳಿದ್ದು ಖರೆ ಅಂತ ನಂಬಿದ್ನಿ ನಾ. ನಂಬಿದ್ದಕ್ಕ ಆಕಿ ಬಾಯಾಗ ಸಕ್ರಿ ಹಾಕಾಕ ಹ್ವಾದ್ನಿ. ಏನರ ಆಗಿದ್ರ, ಕೊಂದಾಕಿ ಯಾರಾಗ್ತಿದ್ಳ್ರಿ?”



ಮರುದಿನ ಅವರು ಓಣಿಯ ಮನೆಮನೆಗೆ ಹೋಗಿ, ಕೂಸಿಗೆ ಶುಗರ್ ಇಲ್ಲ, ಇವರು ಸುಳ್ಳು ಹೇಳಿದ್ದಾರೆ, ಬೆವತರೆ ಸಕ್ಕರೆ ಹಾಕಬೇಡಿ ಎಂದು ಸಾರಿ ಬಂದರು. ಕೈಗೆ ಹೊಡೆದವನ ಹೆಸರಿಗೆ ಸುಳ್ಳುಗಾರ ಎಂಬುದೂ ಸೇರಿಕೊಂಡಿತು. ನನ್ನ ಜೊತೆ ಎರಡು ವಾರ ಮಾತು ಬಿಟ್ಟರು, ಮಗಳ ಜೊತೆ ಒಂದು ಗಳಿಗೆಯೂ ಬಿಡಲಿಲ್ಲ. ತಮ್ಮ ದೇವರ ಕೋಣೆಯಲ್ಲಿ ಸಾದಾ ಗ್ಲೂಕೋಸಿನ ಡಬ್ಬಿಯೊಂದನ್ನು ತಂದಿಟ್ಟುಕೊಂಡರು. ಔಷಧಿ ಅಂಗಡಿಗೂ ಹೋಗಿ ಸಾರ್ಬಿಟಾಲ್ ಎಂಬ ಹೆಸರನ್ನು ಬರೆಸಿಕೊಂಡು ಬಂದಿದ್ದರೆಂದು ಈರಪ್ಪನವರು ಆಮೇಲೆ ಹೇಳಿದರು. ಅಂಬವ್ವನಿಗೆ ಓದಲು ಬರುವುದಿಲ್ಲ. ಮಗಳ ಹತ್ತಿರ ಯಾವ ಬಾಟಲಿ ಬಂದರೂ ಆ ಚೀಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡುತ್ತಾರೆ.

ಕಳೆದ ತಿಂಗಳು ಊರಿನಲ್ಲಿ ತಮ್ಮನ ಮದುವೆಯಾಯಿತು. ಮಗುವನ್ನು ಕರೆದುಕೊಂಡು ಬಾ ಎಂದು ಅವ್ವ ದಿನಕ್ಕೆರಡು ಸಲ ಫೋನು ಮಾಡಿದಳು. ನಾನೊಬ್ಬನೇ ಹೋದೆ. ಸುಮಾ ಮಗಳೊಂದಿಗೆ ಬೆಟಗೇರಿಯಲ್ಲೇ ಉಳಿದಳು, ಅವಳು ಕಚೇರಿಗೆ ಹೋದ ಹೊತ್ತಿಗೆಲ್ಲ ಅಂಬವ್ವ. ನೀವೆಲ್ಲ ಅಲ್ಲಿದ್ದಿರಿ, ಮಗಳು ಎಲ್ಲಿ ಎಂದು ಕೇಳಿದಿರಿ. ಪರೀಕ್ಷೆ ಇದೆ ಎಂದೇನೋ ಹೇಳಿದೆ. ಐದು ವರ್ಷದ ಮಗುವಿಗೆ ಎಂಥ ಪರೀಕ್ಷೆ ಎಂದು ಯಾರೂ ಕೇಳಲಿಲ್ಲ.

ಮದುವೆಯ ಮಧ್ಯಾಹ್ನ ಹೋಳಿಗೆ ಊಟ ಮಾಡಿ ನಡುಮನೆಯ ಚಾಪೆಯ ಮೇಲೆ ಸುಮ್ಮನೆ ಒರಗಿದೆ. ಕಣ್ಣು ಬಿಟ್ಟಾಗ ದೀಪ ಹಚ್ಚಿದ್ದರು. ನಾಲ್ಕೈದು ವರ್ಷದಲ್ಲಿ ನಾನು ಹಾಗೆ ಮಲಗಿದ್ದೇ ಇಲ್ಲ. ಯಾರೋ ಹೊದಿಸಿದ್ದ ಶಾಲಿನಡಿ ಮೈ ಹಗುರವಾಗಿತ್ತು. ಅವ್ವ ಪಕ್ಕದಲ್ಲಿ ಕೂತು ನನ್ನ ತಲೆ ನೇವರಿಸುತ್ತಿದ್ದಳು.

“ಎಷ್ಟ್ ದಿನ ಆಗಿತ್ತಪ್ಪ ನೀನು ಹಿಂಗ್ ನಿದ್ದೆ ಮಾಡಿ. ಅದೆಷ್ಟೇ ಆದ್ರೂ ನಮ್ಮನೆ ನಮ್ಮನೇ ಕಣೋ.”

ಹೂಂ ಅಂದೆ. ಮಗಳು ಆ ಮನೆಯಲ್ಲಿ ಇರಲಿಲ್ಲ, ಅಂಬವ್ವನ ಹತ್ತಿರ ಇದ್ದಳು, ಅದಕ್ಕೇ ನಿದ್ದೆ ಬಂದಿತ್ತು.